ಹೊಡೆದುಹಾಕಿದ ಐದನೆಯ ಊಟ

ಹೊರಡುವ ಮೊದಲು

ಪರದೇಶಕ್ಕೆ ಹೋಗಿಬಂದವರು ಸಾಮಾನ್ಯವಾಗಿ ಹಡಗಿನಿಂದ ಶುರು ಮಾಡುತ್ತಾರೆ. ನನಗೆ ಆ ಭಾಗ್ಯವಿಲ್ಲ. ನಾನು ಹೋದ ಪರದೇಶಕ್ಕೆ ಮೈಸೂರಿನಿಂದ ರೈಲಿದೆ. ಅರಸೀಕೆರೆಯಲ್ಲಿ ಗಾಡಿ ಬದಲಿಸಿದರೆ ಮುಗಿಯಿತು. ಆದರೂ ಅದು ಪರದೇಶವೇ ಎಂದು ನಾನು ವಾದಿಸುತ್ತೇನೆ. ಹರಿಹರದ ಹೊಳೆ ದಾಟಿದ ಮೇಲೆ ನಮ್ಮ ಮಹಾರಾಜರ ಸೀಮೆ ಮುಗಿದು ಮುಂಬಯಿ ಸರ್ಕಾರದ ಸೀಮೆ ಹಿಡಿಯುತ್ತದೆ. ಅಲ್ಲಿ ರುಮಾಲು ಸುತ್ತುವ ರೀತಿ ಬೇರೆ, ಮಣ್ಣಿನ ಬಣ್ಣ ಬೇರೆ, ಬೆಳಿಗ್ಗೆ ಎದ್ದು ಕುಡಿಯುವುದು ಬೇರೆ. ಭಾಷೆ ಮಾತ್ರ ಒಂದೇ ಎನ್ನುತ್ತಾರೆ. ಅದನ್ನು ಒಪ್ಪಿಕೊಳ್ಳಲು ನನಗೆ ಮದುವೆಯಾಗಿ ಒಂದು ವರ್ಷ ಹಿಡಿಯಿತು.

ನನ್ನ ಹೆಂಡತಿ ಇಂದಿರಾ ಧಾರವಾಡದವಳು. ಒಂಬತ್ತನೆಯ ವಯಸ್ಸಿಗೆ ಅವಳಿಗೆ ಮದುವೆಯಾಯಿತು, ಹನ್ನೊಂದಕ್ಕೆ ಗಂಡ ತೀರಿಕೊಂಡ. ಆ ಹುಡುಗನ ಮುಖ ಕೂಡ ಅವಳಿಗೆ ನೆನಪಿಲ್ಲ. ಅವಳ ತಂದೆ ಸಾಲೆಯ ಮಾಸ್ತರರು. ಬಂಧುಗಳು ಎಷ್ಟು ಹೇಳಿದರೂ ಮಗಳ ತಲೆಗೂದಲು ತೆಗೆಸಲಿಲ್ಲ, ಮನೆಯಲ್ಲೇ ಓದಿಸಿದರು, ಹದಿನೆಂಟಕ್ಕೆ ಮೈಸೂರಿನ ಸೋದರಮಾವನ ಮನೆಗೆ ಕಳಿಸಿ ಉಪಾಧ್ಯಾಯಿನಿಯರ ತರಬೇತಿಗೆ ಸೇರಿಸಿದರು. ಅಲ್ಲಿ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದವನು ನಾನು. ನಾವಿಬ್ಬರೂ ಮದುವೆಯಾಗುತ್ತೇವೆ ಎಂದಾಗ ಮಾಸ್ತರರು ಸುಧಾರಣೆಯ ದಾರಿಯಲ್ಲಿ ಅಷ್ಟು ದೂರ ಬಂದವರು ಅಲ್ಲಿಗೆ ನಿಂತುಬಿಟ್ಟರು. ಜಾತಿ ಒಂದೇ, ಜಾತಕ ಬೇಕಿದ್ದರೆ ಅದೂ ಕೂಡುತ್ತಿತ್ತು. ಆದರೆ ವಿಧವೆಗೆ ಮತ್ತೆ ಮದುವೆ ಎಂಬುದು ಅವರ ಗಂಟಲಲ್ಲಿ ಇಳಿಯಲಿಲ್ಲ. ಒಂದು ಕಾರ್ಡು ಬಂತು. ‘ನಮಗೆ ಮಗಳಿಲ್ಲ’ ಎಂದಷ್ಟೇ ಅದರಲ್ಲಿತ್ತು. ತಾಯಿಗೆ ಓದು ಬರಹ ಬಾರದು, ಹಾಗಾಗಿ ಆ ಕಡೆಯಿಂದ ಕಾರ್ಡೂ ಇಲ್ಲ. ಹೀಗೆ ಏಳು ವರ್ಷ ಕಳೆದಿದ್ದವು.

ಇಂದಿರಾ ಅಳುವ ಪೈಕಿಯಲ್ಲ. ತವರಿಗೆ ಹೋಗುವ ಮಾತನ್ನೂ ಎತ್ತುತ್ತಿರಲಿಲ್ಲ. ಅದರ ಬದಲು ತಿಂಡಿಯ ಮಾತು ಎತ್ತುತ್ತಿದ್ದಳು. ಮಳೆ ಬಂದರೆ ಹುಬ್ಬಳ್ಳಿಯ ಯಾವುದೋ ಬಿಸ್ಕತ್ತಿನ ಭಟ್ಟಿಯ ವಾಸನೆ, ಚಳಿ ಬಂದರೆ ಉಣಕಲ್ಲಿನ ಹೊಲದ ಸೀತನಿ. ದಾವಣಗೆರೆಯಿಂದ ಯಾರಾದರೂ ಬಂದರೆ ಜೋಳ ತರಿಸಿ ರೊಟ್ಟಿ ಬಡಿಯುತ್ತಿದ್ದಳು. ಬಡಿದು, ತಿಂದು, ‘ಬರೋಬ್ಬರಿ ಆಗಿಲ್ಲ’ ಎನ್ನುತ್ತಿದ್ದಳು. ಏನು ಬರೋಬ್ಬರಿ ಆಗಿಲ್ಲ ಎಂದು ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಕೊನೆಗೆ ಉಳಿದ ಹಿಡಿ ಹಿಟ್ಟಿನಲ್ಲಿ ನಮ್ಮ ನಾಲ್ಕು ವರ್ಷದ ಮಗಳು ರಮಾಗೆ ಅಂಗೈಯಗಲದ ಒಂದು ರೊಟ್ಟಿ ಮಾಡುತ್ತಿದ್ದಳು. ಅದಕ್ಕೆ ಗುಬ್ಬಿರೊಟ್ಟಿ ಎಂದು ಹೆಸರು. ‘ನಮ್ಮವ್ವ ನನಗೂ ದಿನಾ ಮಾಡ್ತಿದ್ದಳು. ಆಮ್ಯಾಲ ಬಿಟ್ಟಳು’ ಎಂದು ಒಮ್ಮೆ ಹೇಳಿದಳು. ಯಾವಾಗ ಬಿಟ್ಟರು ಎಂದು ಕೇಳಿದೆ. ‘ಹನ್ನೊಂದಕ್ಕ’ ಎಂದಳು.

ಆ ವರ್ಷ ಚಳಿಗಾಲದಲ್ಲಿ ನನಗೆ ಶನಿವಾರ ಭಾನುವಾರದ ಹಿಂದುಮುಂದೆ ರಜೆ ಕೂಡಿಬಂತು. ‘ನೀನು ಹೋಗುವ ಹಾಗಿಲ್ಲ, ನಾನಾದರೂ ಹೋಗಿ ತಿಂದುಕೊಂಡು ಬರಲೇ?’ ಎಂದು ತಮಾಷೆಗೆ ಕೇಳಿದೆ. ಅವಳು ತಮಾಷೆ ಮಾಡಲಿಲ್ಲ. ಒಳಗೆ ಹೋಗಿ ಚೀಟಿ ಬರೆದು ತಂದಳು. ನಾಲ್ಕು ಜಾಗ, ಒಂದೊಂದರಲ್ಲಿ ಏನು ತಿನ್ನಬೇಕು, ಹೇಗೆ ತಿನ್ನಬೇಕು, ಎಲ್ಲ ಇತ್ತು. ಐದನೆಯ ಸಾಲನ್ನು ಬರೆದು ಹೊಡೆದುಹಾಕಿದ್ದಳು. ಬೆಳಕಿಗೆ ಹಿಡಿದು ನೋಡಿದರೆ ಓದಲು ಬರುತ್ತಿತ್ತು: ‘ನಮ್ಮವ್ವನ ಅಡಿಗಿ ಮನಿ.’

‘ಅಲ್ಲಿ ಹೋಗಬ್ಯಾಡ್ರಿ’ ಎಂದಳು. ಬುತ್ತಿ ಕಟ್ಟುವಾಗ ಒಮ್ಮೆ, ಜಟಕಾ ಹತ್ತುವಾಗ ಒಮ್ಮೆ, ಒಟ್ಟು ಮೂರು ಸಲ ಹೇಳಿದಳು. ನಾನು ಎಲ್ಲಿಗೆ ಹೋಗುವುದು ಅವಳಿಗೆ ಬೇಕಾಗಿದೆ ಎಂಬುದು ಆಗ ನನಗೆ ಖಚಿತವಾಯಿತು.

ಹುಬ್ಬಳ್ಳಿ ಸ್ಟೇಷನ್

ಇಂದಿರಾ ಒಂದು ಎಚ್ಚರಿಕೆ ಕೊಟ್ಟಿದ್ದಳು. ನಮ್ಮ ಕಡೆ ‘ಊಟ ಆಯಿತೇ?’ ಎಂದರೆ ಅದು ನಮಸ್ಕಾರದ ಇನ್ನೊಂದು ರೂಪ. ಹಸಿದು ಸಾಯುತ್ತಿದ್ದರೂ ‘ಆಯಿತು’ ಎನ್ನುವುದು ಮರ್ಯಾದೆ, ಕೇಳಿದವನಿಗೂ ಅದೇ ಬೇಕು. ಅಲ್ಲಿ ಹಾಗಲ್ಲವಂತೆ. ಕೇಳಿದವನು ಉತ್ತರಕ್ಕಾಗಿಯೇ ಕೇಳುತ್ತಾನೆ. ‘ಆಗಿಲ್ಲ’ ಎಂದ ಮೇಲೆ ಎದುರಿಗಿದ್ದವನಿಗೆ ಉಣಿಸದೆ ಬಿಟ್ಟರೆ ಕೇಳಿದವನಿಗೇ ಅವಮಾನ.

ನಾನು ಇದನ್ನು ಅರ್ಧ ನಂಬಿದ್ದೆ. ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿದಾಗ ಹಲ್ಲು ಕಟಕಟ ಎನ್ನುವ ಚಳಿ. ಹಾವೇರಿಯಲ್ಲಿ ನನ್ನ ಡಬ್ಬಿಗೆ ಹತ್ತಿದ್ದ ವೀರಪ್ಪ ಎಂಬ ಹತ್ತಿಯ ದಲಾಲರು, ಕೆಂಪು ರುಮಾಲಿನ ಆಜಾನುಬಾಹು, ನನ್ನ ಜತೆಗೇ ಇಳಿದರು.

‘ನಾಷ್ಟಾ ಆತೇನ್ರಿ?’ ಎಂದರು.

‘ಇನ್ನೂ ಇಲ್ಲ’ ಎಂದೆ. ಅಷ್ಟೇ ನಾನು ಹೇಳಿದ್ದು.

‘ಹಂಗಾರ ನಡೀರಿ’ ಎಂದು ನನ್ನ ಚೀಲ ಕಿತ್ತುಕೊಂಡು ಟಾಂಗಾದಲ್ಲಿಟ್ಟರು. ಚೀಲದ ಹಿಂದೆ ನಾನು ಹೋಗಲೇಬೇಕಾಯಿತು. ಅವರ ಮನೆಯಲ್ಲಿ ಒಗ್ಗರಣೆ ಅವಲಕ್ಕಿ, ಅದರ ಮೇಲೆ ಗುಡ್ಡದಂತೆ ಹಸಿ ಕೊಬ್ಬರಿ, ಪಕ್ಕಕ್ಕೆ ಹಿಟ್ಟಿನಲ್ಲಿ ಅದ್ದಿ ಕರಿದ ಹಸಿಮೆಣಸಿನಕಾಯಿ. ಅಷ್ಟು ಉದ್ದದ ಮೆಣಸಿನಕಾಯನ್ನು ನಮ್ಮಲ್ಲಿ ದೃಷ್ಟಿ ತೆಗೆಯಲು ಬಳಸುತ್ತೇವೆ. ನಾನು ‘ಸಾಕು, ಸಾಕು’ ಎಂದಷ್ಟೂ ಹಾಕಿದರು. ಸಂಕೋಚದವನೆಂದು ತಿಳಿದಿರಬೇಕು. ಕೊನೆಗೆ ಬಾಯಿ ತಪ್ಪಿ ಕಾಫಿ ಎಂದುಬಿಟ್ಟೆ. ಒಳಗೆ ಹೆಂಗಸರ ಸಮಾಲೋಚನೆ ನಡೆದು, ಬಹಳ ಹೊತ್ತಿನ ಮೇಲೆ ಯಾವುದೋ ಕಷಾಯ ಬಂತು. ಅದರಲ್ಲಿ ಶುಂಠಿ, ಮೆಣಸು, ಬೆಲ್ಲ ಎಲ್ಲ ಇತ್ತು, ಕಾಫಿ ಒಂದು ಇರಲಿಲ್ಲ. ‘ಹೆಂಗೈತ್ರಿ?’ ಎಂದು ವೀರಪ್ಪನವರು ಕಾತರದಿಂದ ಕೇಳಿದರು. ಬಹಳ ಚೆನ್ನಾಗಿದೆ ಎಂದೆ. ಇನ್ನೊಂದು ಲೋಟ ಬಂತು.

ರಾತ್ರಿ ಮಲಗಲೂ ಅಲ್ಲಿಗೇ ಬರಬೇಕೆಂದು ಅಪ್ಪಣೆಯಾಯಿತು. ಮೈಸೂರಿನಲ್ಲಿ ನಮ್ಮ ಪಕ್ಕದ ಮನೆಯವರ ಹೆಸರು ತಿಳಿಯಲು ನನಗೆ ಮೂರು ತಿಂಗಳು ಹಿಡಿದಿತ್ತು.

ದುರ್ಗದಬೈಲ್

ಚೀಟಿಯ ಮೊದಲ ಜಾಗ ದುರ್ಗದಬೈಲಿನ ಸಾಬರ ಭಟ್ಟಿ. ಇಂದಿರಾ ಅಲ್ಲಿಯದನ್ನು ಎಂದೂ ತಿಂದವಳಲ್ಲ, ಅವರ ಮನೆಯ ಮಡಿಯಲ್ಲಿ ಅದು ಸಾಧ್ಯವೇ ಇರಲಿಲ್ಲ. ಚಿಕ್ಕವಳಿದ್ದಾಗ ತಂದೆಯ ಕೈ ಹಿಡಿದು ಆ ದಾರಿಯಲ್ಲಿ ಹೋಗುತ್ತಿದ್ದಾಗ ಬಂದ ವಾಸನೆಯಷ್ಟೇ ಅವಳದು. ‘ಅಪ್ಪ ಲಗೂ ನಡಿ ಲಗೂ ನಡಿ ಅಂತಿದ್ದ. ಖರೇ ಅಂದ್ರ ಅಲ್ಲಿ ಬಂದಾಗ ಅವನ ಕಾಲs ಸಾವಕಾಶ ಆಗ್ತಿದ್ದವು’ ಎಂದು ಹೇಳಿದ್ದಳು. ಚೀಟಿಯಲ್ಲಿ ‘ಮೊದಲು ಹೊರಗೆ ನಿಂತು ವಾಸನೆ ನೋಡಬೇಕು, ಆಮೇಲೆ ತಿನ್ನಬೇಕು’ ಎಂದು ಬರೆದಿತ್ತು.

ಬಟ್ಟೆ, ಬಳೆ, ಹಿತ್ತಾಳೆ ಪಾತ್ರೆಗಳ ಅಂಗಡಿಗಳ ನಡುವೆ ಜನ ನನ್ನನ್ನು ತಳ್ಳಿಕೊಂಡು ಹೋಗುತ್ತಿದ್ದರು. ನಾನು ಭಟ್ಟಿಯ ಎದುರು ಕಣ್ಣು ಮುಚ್ಚಿ ನಿಂತೆ. ತುಪ್ಪ, ಸಕ್ಕರೆ, ಸುಟ್ಟ ಹಿಟ್ಟು, ಸ್ವಲ್ಪ ಏಲಕ್ಕಿ. ಬಿಳಿ ಗಡ್ಡದ ಮುದುಕರು ಒಳಗಿನಿಂದ ನನ್ನನ್ನೇ ನೋಡುತ್ತಿದ್ದವರು ಕೊನೆಗೆ ಕೇಳಿದರು.

‘ತಲಿ ತಿರಗಾಕತ್ತೇತೇನ್ರಿ?’

ನಾನು ಇದ್ದದ್ದನ್ನು ಹೇಳಿದೆ. ಹೆಂಡತಿಗೆ ಇಲ್ಲಿಯ ವಾಸನೆ ಬೇಕಾಗಿದೆ, ಅವಳು ಬರುವ ಹಾಗಿಲ್ಲ.

ಅವರು ಯೋಚಿಸಿದರು. ‘ವಾಸನಿ ಕಟ್ಟಿ ಕೊಡಾಕ ಬರಂಗಿಲ್ರಿ. ನಾನಖಟಾಯಿ ಕಟ್ಟಿ ಕೊಡ್ತೇನಿ. ಮನಿಗೆ ಹೋಗಿ ಎರಡ ಕೆಂಡದ ಮ್ಯಾಲ ಹಿಡೀರಿ, ಅರ್ಧಾ ವಾಸನಿ ಬರತೈತಿ. ಉಳದ ಅರ್ಧಾ ಈ ಗ್ವಾಡಿ ಒಳಗಿಂದು.’ ಕಪ್ಪಾದ ಗೋಡೆಯನ್ನು ಅವರು ಅಂಗೈಯಿಂದ ಒಮ್ಮೆ ತಟ್ಟಿದರು.

ಎರಡನೆಯ ಜಾಗ ಅಲ್ಲೇ ಹಿಂದಿನ ಓಣಿಯ ಖಾನಾವಳಿ. ಇದೂ ಅವಳು ಹೊರಗಿನಿಂದ ನೋಡಿದ್ದೇ, ಹೆಂಗಸರು ಖಾನಾವಳಿಯೊಳಗೆ ಕಾಲಿಡುವ ಮಾತಿಲ್ಲ. ಸಾಲಾಗಿ ಮಣೆ ಹಾಕಿ ಕೂಡಿಸುತ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕಾಳಿನ ಪಲ್ಯ, ಮೊಸರು. ಇಂದಿರಾ ನನಗೆ ಕಲಿಸಿದ್ದ ಹಾಗೆ ರೊಟ್ಟಿಯ ನಡುವಿಗೆ ಬೆರಳಿಟ್ಟು ಹರಿದೆ. ನಡುವಿನ ಮೆತ್ತನೆಯದನ್ನು ಮೊದಲು ತಿನ್ನುವುದು, ಗಟ್ಟಿ ಅಂಚನ್ನು ಬಳೆಯಂತೆ ಉಳಿಸಿ ಕೊನೆಗೆ ಮೊಸರಿನಲ್ಲಿ ಅದ್ದಿ ತಿನ್ನುವುದು. ರೊಟ್ಟಿ ತಿನ್ನುವ ರೀತಿಯೇ ಇದು ಎಂದು ಏಳು ವರ್ಷದಿಂದ ನಾನು ತಿಳಿದಿದ್ದೆ. ಮೈಸೂರಿನ ಗೆಳೆಯರಿಗೆ ಧಾರವಾಡದ ಪದ್ಧತಿ ಎಂದು ಪಾಠ ಕೂಡ ಮಾಡಿದ್ದೆ.

ಪಕ್ಕದ ಮಣೆಯವರು ಊಟ ನಿಲ್ಲಿಸಿ ನೋಡಿದರು.

‘ಇದೇನ್ರೀ ಇದು? ಬಾವಿ ತೋಡಾಕತ್ತೀರಿ?’

‘ನಿಮ್ಮ ಧಾರವಾಡದವರು ತಿನ್ನುವ ಹಾಗೇ ತಿನ್ನುತ್ತಿದ್ದೇನೆ’ ಎಂದೆ ಸ್ವಲ್ಪ ಬಿಗುಮಾನದಿಂದ.

‘ನಾ ಧಾರವಾಡದಾಗs ಹುಟ್ಟೇನ್ರಿ. ಅರವತ್ತ ವರ್ಷದಾಗ ಒಬ್ಬರನ್ನೂ ಹಿಂಗ ತಿನ್ನೂದು ನೋಡಿಲ್ಲ’ ಎಂದರು. ಇಡೀ ಸಾಲು ನಕ್ಕಿತು. ಬಡಿಸುವವರೂ ಬಂದು ನೋಡಿ ನಕ್ಕು ಹೋದರು. ನಾನು ಅವರೆಲ್ಲರಿಗೂ ತಿಳಿವಳಿಕೆ ಸಾಲದು ಎಂದುಕೊಂಡೆ. ನಕ್ಕವರೇ ನನಗೆ ಒಂದು ಉಪಕಾರವನ್ನೂ ಮಾಡಿದರು. ‘ಸಾಕು’ ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ, ನಿಜವಾಗಿ ಸಾಕಾದರೆ ಎರಡೂ ಅಂಗೈಗಳನ್ನು ತಟ್ಟೆಯ ಮೇಲೆ ಮುಚ್ಚಿ ಹಿಡಿಯಬೇಕು ಎಂದು ತೋರಿಸಿಕೊಟ್ಟರು. ಹಾಗೆ ಮಾಡಿದ ಮೇಲೆ ನನ್ನ ಜೀವ ಉಳಿಯಿತು.

ಉಣಕಲ್

ಭಾನುವಾರ ಬೆಳಿಗ್ಗೆ ವೀರಪ್ಪನವರ ಟಾಂಗಾದಲ್ಲೇ ಧಾರವಾಡಕ್ಕೆ ಹೊರಟೆ. ದಾರಿಯಲ್ಲಿ ಉಣಕಲ್ಲಿನ ಕೆರೆ. ಕೆರೆಯ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ಆಚೆ ಕಪ್ಪು ನೆಲದ ತುಂಬ ಜೋಳ ನಿಂತಿತ್ತು. ನಮ್ಮ ಕಡೆ ಗದ್ದೆಯ ಹಸಿರು ಕಣ್ಣಿಗೆ ತಂಪು. ಇಲ್ಲಿ ನೆಲವೇ ದೊಡ್ಡದು, ಮರ ಕಡಿಮೆ, ಆಕಾಶ ಹೆಚ್ಚು. ಇಷ್ಟು ದೊಡ್ಡ ಆಕಾಶದ ಕೆಳಗೆ ಬೆಳೆದವಳನ್ನು ನಾನು ಮೈಸೂರಿನ ಎರಡು ಕೋಣೆಗಳಲ್ಲಿ ಇಟ್ಟಿದ್ದೇನಲ್ಲ ಎಂದು ಮೊದಲ ಸಲ ಅನ್ನಿಸಿತು.

ಹೊಲದ ಬದುವಿನಲ್ಲಿ ಒಬ್ಬ ಮುದುಕಿ ಹಾಲುಗಾಳಿನ ಎಳೆಯ ಜೋಳದ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಬಡಿದು, ಮೊರದಲ್ಲಿ ಕೇರುತ್ತಿದ್ದಳು. ಇದೇ ಸೀತನಿ. ಟಾಂಗಾ ನಿಂತ ಕೂಡಲೇ ಕೇಳದೆಯೇ ಒಂದು ಹಿಡಿ ನನ್ನ ಕೈಗೆ ಸುರಿದಳು, ಮೇಲೆ ಶೇಂಗಾ ಚಟ್ನಿಪುಡಿ. ಕಾಳು ಹಲ್ಲಿಗೆ ಸಿಕ್ಕರೆ ಸಿಹಿಯಾದ ಹಾಲು, ಹೊಗೆಯ ರುಚಿ. ಅಂಗೈ ಸುಡುತ್ತಿದ್ದರೂ ಬಿಡಲಾಗದು.

‘ಇದನ್ನು ಕಟ್ಟಿಕೊಂಡು ಹೋಗಬಹುದೇ? ಹೆಂಡತಿಗೆ.’

‘ತಣ್ಣಗಾದ್ರ ಇದು ಬರೇ ಕಾಳು ನೋಡ್ರಿ. ಆಕೀನ್ನs ಕರಕೊಂಡ ಬರಬೇಕಿಲ್ಲೇನು?’

‘ಅವಳು ಬರುವ ಹಾಗಿಲ್ಲ.’

‘ಯಾ ಊರಾಕಿ?’

‘ಇಲ್ಲಿಯವಳೇ. ಧಾರವಾಡ.’

ಮುದುಕಿ ಮೊರ ಕೆಳಗಿಟ್ಟಳು. ಧಾರವಾಡದವಳು ಧಾರವಾಡಕ್ಕೆ ಬರುವ ಹಾಗಿಲ್ಲ ಎಂದರೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ‘ಹಂಗಾರ ಆಕೀ ಪಾಲಿಂದೂ ನೀವs ತಿನ್ರಿ’ ಎಂದು ಇನ್ನೊಂದು ಹಿಡಿ ಸುರಿದಳು. ತಿಂದೆ. ಅಷ್ಟು ರುಚಿಯಾದದ್ದನ್ನು ಅಷ್ಟು ಬೇಸರದಿಂದ ನಾನು ಎಂದೂ ತಿಂದಿರಲಿಲ್ಲ.

ಧಾರವಾಡ

ಹುಬ್ಬಳ್ಳಿ ಕೂಗಿ ಮಾತಾಡಿದರೆ ಧಾರವಾಡ ಗಂಟಲು ಸರಿಪಡಿಸಿಕೊಂಡು ಮಾತಾಡುತ್ತದೆ. ಮರಗಳ ನೆರಳಿನ ಕೆಂಪು ರಸ್ತೆ, ಕೈಯಲ್ಲಿ ಪುಸ್ತಕ ಹಿಡಿದ ಹುಡುಗರು, ಯಾವುದೋ ಮಾಳಿಗೆಯಿಂದ ತಂಬೂರಿಯ ಶ್ರುತಿ. ನಾಲ್ಕನೆಯ ಜಾಗ ಬಜಾರಿನ ಪೇಡೆಯ ಅಂಗಡಿ. ಹಾಲನ್ನು ಕಂದುಬಣ್ಣಕ್ಕೆ ತಿರುಗುವವರೆಗೆ ಕಲಕುತ್ತಲೇ ಇರುತ್ತಾರೆ. ತಾಳ್ಮೆಯೇ ಅದರ ಮಸಾಲೆ ಎಂದು ಅಂಗಡಿಯವರ ಜಂಬ. ಚೆನ್ನಾಗಿತ್ತು. ಆದರೆ ನಾನು ಎಷ್ಟು ತಿಂದೆ, ಅದರ ರುಚಿ ಏನು ಎಂದು ಕೇಳಿದರೆ ಹೇಳಲಾರೆ. ಗಡಿಯಾರ ನೋಡುತ್ತಿದ್ದೆ. ಊಟದ ಹೊತ್ತು ಹತ್ತಿರವಾಗುತ್ತಿತ್ತು.

ಐದನೆಯ ಜಾಗ

ಆ ಓಣಿಯನ್ನು ನಾನು ಮೊದಲೇ ಬಲ್ಲೆ. ಇಂದಿರಾ ಹೇಳಿದ್ದನ್ನು ಕೇಳಿ ಕೇಳಿ ಅದರ ಚಿತ್ರವನ್ನೇ ಬರೆದಿದ್ದೆ. ಬೇವಿನ ಮರ ಸರಿಯಾಗಿತ್ತು, ಬಾವಿಯನ್ನು ಮಾತ್ರ ಎಡಕ್ಕೆ ಬರೆದುಬಿಟ್ಟಿದ್ದೆ. ಮೂರನೆಯ ಮನೆಯ ಕಟ್ಟೆಯ ಮೇಲೆ ತೆಳ್ಳಗಿನ, ನೆಟ್ಟಗಿನ ಮುದುಕರೊಬ್ಬರು ಪತ್ರಿಕೆ ಓದುತ್ತ ಕುಳಿತಿದ್ದರು. ಮೂಗು ನನ್ನ ಮಗಳದೇ.

ದಾಟಿಹೋಗುವವನಂತೆ ನಿಧಾನವಾಗಿ ನಡೆದೆ.

‘ಯಾರದರೆ ಮನಿ ಹುಡುಕ್ಲಿಕತ್ತೀರೇನ್ರಿ?’ ಎಂದರು ಮಾಸ್ತರರು.

‘ಇಲ್ಲ. ಸುಮ್ಮನೆ ಊರು ನೋಡಲು ಬಂದವನು.’

‘ಯಾವ ಊರಿಂದ?’

‘ಮೈಸೂರು.’

ಅವರು ಪತ್ರಿಕೆ ಮಡಿಸಿದರು. ‘ಏನು ಉದ್ಯೋಗ?’

‘ಸ್ಕೂಲಿನಲ್ಲಿ ಚಿತ್ರ ಬರೆಯುವುದನ್ನು ಕಲಿಸುತ್ತೇನೆ.’

ಅವರು ಕನ್ನಡಕ ತೆಗೆದು ಧೋತ್ರದ ಅಂಚಿನಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು. ನಾನು ಬಿಸಿಲಲ್ಲಿ ನಿಂತೇ ಇದ್ದೆ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

‘ಊಟ ಆತೇನ್ರಿ?’ ಎಂದರು ಕೊನೆಗೆ, ನನ್ನನ್ನು ನೋಡದೆ.

ಎರಡು ದಿನದಿಂದ ನಾನು ಕಾದಿದ್ದ ಪ್ರಶ್ನೆ. ‘ಇಲ್ಲ, ಆಗಿಲ್ಲ’ ಎಂದೆ.

ಅವರು ಒಳಕ್ಕೆ ತಿರುಗಿ ಹೇಳಿದರು: ‘ಕೇಳಿಸ್ತೇನು? ಇನ್ನೊಂದು ಎಲಿ ಹಾಕು. ಪರಸ್ಥಳದವರು ಬಂದಾರ.’

ಅಲ್ಲಿಯ ಜನ ಗೊತ್ತಿಲ್ಲದವರನ್ನು ಪಂಕ್ತಿಗೆ ಕೂಡಿಸುವ ಮೊದಲು ಹೆಸರು, ಗೋತ್ರ, ಅಜ್ಜನ ಊರು ಎಲ್ಲ ಕೇಳುತ್ತಾರೆ. ಮಾಸ್ತರರು ನನ್ನ ಹೆಸರು ಕೇಳಲಿಲ್ಲ. ಕೇಳಿದ್ದರೆ ನಾನು ಹೇಳಬೇಕಾಗುತ್ತಿತ್ತು. ಹೇಳಿದ್ದರೆ ಅವರು ಎಬ್ಬಿಸಿ ಕಳಿಸಬೇಕಾಗುತ್ತಿತ್ತು. ನಾನು ಯಾರೆಂದು ಅವರಿಗೆ ತಿಳಿದಿತ್ತು, ತಿಳಿಯದವರಂತೆ ಇರಲು ಅವರು ತೀರ್ಮಾನಿಸಿದ್ದರು.

ಕೈಕಾಲು ತೊಳೆದು ಬಂದೆ. ಎಲೆ ಹಾಕುವವರೆಗೆ ಇಬ್ಬರೂ ಪಡಸಾಲೆಯಲ್ಲಿ ಕುಳಿತೆವು. ನನ್ನ ಚೀಲದ ಕಡೆ ಅವರ ಮೂಗು ಒಮ್ಮೆ ತಿರುಗಿತು.

‘ದುರ್ಗದಬೈಲಿನ ಭಟ್ಟೀದು ಏನ್ರಿ?’

‘ಹೌದು. ತೆಗೆದುಕೊಳ್ಳಿ.’

‘ನಾವು ಅದನ್ನ ತಿನ್ನೂದಿಲ್ಲ’ ಎಂದರು. ಸ್ವಲ್ಪ ಹೊತ್ತಾದ ಮೇಲೆ, ‘ವಾಸನಿ ಛಲೋ ಅದ’ ಎಂದರು.

ಬಡಿಸಲು ಬಂದವರು ಇಂದಿರಾಳ ತಾಯಿ. ಗಿಡ್ಡ, ತುಂಬಾ ಗಿಡ್ಡ. ಮಗಳ ಮಾತುಗಳಲ್ಲಿ ಅವರು ಅಷ್ಟು ಗಿಡ್ಡಗಿರಲಿಲ್ಲ. ಕಟ್ಟೆಯ ಮೇಲಿನ ಮಾತು ಅಡಿಗೆಮನೆಗೆ ಕೇಳಿಸಿರಲಿಲ್ಲ. ನಾನು ಅವರಿಗೆ ಯಾರೋ ಒಬ್ಬ ದಾರಿಹೋಕ. ತಲೆ ತಗ್ಗಿಸಿ ಉಪ್ಪು, ಚಟ್ನಿಪುಡಿ, ಬದನೆಕಾಯಿ ಪಲ್ಯ ಬಡಿಸಿ, ಹಂಚಿನಿಂದ ನೇರ ಇಳಿದ ರೊಟ್ಟಿಯನ್ನು ಎಲೆಗೆ ಹಾಕಿ ಒಳಗೆ ಹೋದರು. ನಾನು ಯೋಚಿಸದೆ ನಡುವಿಗೆ ಬೆರಳಿಟ್ಟು ಹರಿದೆ.

ಎರಡನೆಯ ರೊಟ್ಟಿ ಹಿಡಿದು ಬಂದವರು ಅಲ್ಲೇ ನಿಂತರು. ನನ್ನ ಎಲೆಯಲ್ಲಿ ರೊಟ್ಟಿಯ ಅಂಚು ಬಳೆಯಂತೆ ಉಳಿದಿತ್ತು. ಅವರ ಕೈಯಲ್ಲಿನ ರೊಟ್ಟಿಯ ಹಬೆ ಆರುವವರೆಗೂ ಅದನ್ನೇ ನೋಡಿದರು.

‘ಅಂಚು ಬಿಟ್ಟೀರಲ್ರಿ’ ಎಂದರು.

‘ಕೊನೆಗೆ ಮೊಸರಿನಲ್ಲಿ ಅದ್ದಿ ತಿನ್ನುತ್ತೇನೆ. ನಮ್ಮ ಮನೆಯಲ್ಲಿ ಹೀಗೇ. ನನ್ನ ಹೆಂಡತಿ ಕಲಿಸಿದ್ದು.’

ಖಾನಾವಳಿಯಲ್ಲಿ ನಕ್ಕವರದೇ ಸರಿ ಎಂದು ನನಗೆ ಆಗ ಹೊಳೆಯಿತು. ಅದು ಧಾರವಾಡದ ಪದ್ಧತಿಯಾಗಿರಲಿಲ್ಲ. ಆ ಮನೆಯದೂ ಆಗಿರಲಿಲ್ಲ. ಪಕ್ಕದಲ್ಲಿ ಮಾಸ್ತರರು ಎಲ್ಲರಂತೆ ಅಂಚಿನಿಂದಲೇ ಮುರಿದು ತಿನ್ನುತ್ತಿದ್ದರು. ನಡುವಿನಿಂದ ಹರಿದು ತಿನ್ನುತ್ತಿದ್ದವಳು ಈ ಜಗತ್ತಿನಲ್ಲಿ ಒಬ್ಬಳೇ.

ತಾಯಿ ರೊಟ್ಟಿಯನ್ನು ನನ್ನ ಎಲೆಗೆ ಹಾಕುವುದನ್ನು ಮರೆತು ಒಳಗೆ ಹೋದರು. ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಮಾಸ್ತರರು ತಮ್ಮ ಎಲೆಯಿಂದ ಕಣ್ಣೆತ್ತಲಿಲ್ಲ. ಬಹಳ ಹೊತ್ತಿನ ಮೇಲೆ ‘ಅವರ ಎಲಿ ಖಾಲಿ ಅದ. ಬಡಸು’ ಎಂದರು. ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಮತ್ತೆ ಬಂದಾಗ ಅವರ ಕಣ್ಣು ಕೆಂಪಾಗಿತ್ತು. ಒಲೆಯ ಹೊಗೆ ಎಂದುಕೊಳ್ಳಬೇಕಾದ್ದು ನಮ್ಮ ಕೆಲಸ.

‘ಮನ್ಯಾಗ ಎಲ್ಲಾರೂ ಆರಾಮ ಇದ್ದಾರೇನ್ರಿ?’ ಎಂದರು, ಯಾರದೋ ಹೆಂಡತಿಯ ಬಗ್ಗೆ ಕೇಳುವ ಹಾಗೆ.

‘ಆರಾಮಾಗಿದ್ದಾರೆ. ರೊಟ್ಟಿ ಮಾತ್ರ ಸರಿಯಾಗಿ ಬರುವುದಿಲ್ಲ ಅಂತ ಅವಳಿಗೆ ಕೊರಗು.’

‘ಎಸರು ಪೂರ್ತಿ ಕುದಿಯೂತನಕಾ ಕಾಯಬೇಕು. ಲಗೂ ಹಿಟ್ಟು ಸುರುವಿದ್ರ ಅಂಚು ಒಡೀತಾವ. ಆಕಿಗೆ ಮೊದಲಿಂದಾನೂ ತಾಳ್ಮಿ ಇಲ್ಲ’ ಎಂದುಬಿಟ್ಟರು.

ಮಾಸ್ತರರ ಕೈ ಎಲೆಯ ಮೇಲೆ ನಿಂತಿತು. ಆ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

‘ಅವರಿಗೆ ಮೊಸರು ಹಾಕು’ ಎಂದರು ಮಾಸ್ತರರು. ‘ಅಂಚು ತಿನ್ನಬೇಕಲ್ಲ.’

ಮೊಸರು ಹಾಕುತ್ತ ತಾಯಿ ಬಗ್ಗಿದಾಗ ಮೆಲ್ಲನೆ ಕೇಳಿದರು: ‘ಮಕ್ಕಳು?’

‘ಒಬ್ಬಳು ಮಗಳು. ನಾಲ್ಕು ವರ್ಷ.’

ಅವರು ಮತ್ತೆ ಮತ್ತೆ ರೊಟ್ಟಿ ತಂದರು. ಎರಡೂ ಅಂಗೈ ಮುಚ್ಚಿ ಹಿಡಿಯುವುದನ್ನು ನಾನು ಹಿಂದಿನ ದಿನವಷ್ಟೇ ಕಲಿತಿದ್ದೆ. ಅಲ್ಲಿ ಅದನ್ನು ಮಾಡಲಿಲ್ಲ. ತಂದಷ್ಟನ್ನೂ ತಿಂದೆ. ಇಂದಿರಾ ಹೇಳುತ್ತಿದ್ದ ‘ಬರೋಬ್ಬರಿ’ ಎಂದರೆ ಏನೆಂದು ನನಗೆ ತಿಳಿಯಿತು. ಬರೆದು ತಿಳಿಸಲು ಬರುವುದಿಲ್ಲ.

ಹೊರಡುವಾಗ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟೊಂದನ್ನು ನನ್ನ ಕೈಗಿಟ್ಟರು. ‘ಗಾಡ್ಯಾಗ ಹಸಿವಿ ಆದ್ರ ತಿನ್ರಿ’ ಎಂದು ಕಟ್ಟೆಗೆ ಕೇಳಿಸುವಂತೆ ಹೇಳಿದರು. ಆಮೇಲೆ ದನಿ ಇಳಿಸಿ, ‘ನೀವು ತಿನಬ್ಯಾಡ್ರಿ’ ಎಂದರು.

ಮಾಸ್ತರರು ಮತ್ತೆ ಪತ್ರಿಕೆ ಹಿಡಿದಿದ್ದರು. ನಾನು ನಮಸ್ಕಾರ ಮಾಡಿದೆ.

‘ಮತ್ತ ಈ ಕಡೆ ಬಂದ್ರ ಊಟದ ಹೊತ್ತಿಗೇ ಬರ್ರಿ’ ಎಂದರು.

ನಾನು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

‘ಹೆಸರು ಹೇಳಬ್ಯಾಡ್ರಿ. ಹೇಳಿದ್ರ ನಾ ಕೇಳಬೇಕಾಗ್ತದ.’

ಬೇವಿನ ಮರದವರೆಗೆ ಹೋಗಿ ತಿರುಗಿ ನೋಡಿದೆ. ಅವರು ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದಿದ್ದರು ಎಂದು ಬರೆದರೆ ಕಥೆಗೆ ಸೊಗಸು. ಆದರೆ ಅವರು ಸರಿಯಾಗಿಯೇ ಹಿಡಿದಿದ್ದರು, ಓದುತ್ತಲೂ ಇದ್ದರು. ಅವರು ಅಂಥವರೇ.

ಮೈಸೂರು

ಮನೆಗೆ ಬಂದ ಮೇಲೆ ಇಂದಿರಾ ಚೀಟಿ ಎದುರಿಗಿಟ್ಟುಕೊಂಡು ಒಂದೊಂದಾಗಿ ವಿಚಾರಣೆ ಮಾಡಿದಳು. ಭಟ್ಟಿಯ ವಾಸನೆ ಹಾಗೇ ಇದೆಯೇ, ಖಾನಾವಳಿಯಲ್ಲಿ ಏನು ಪಲ್ಯ, ಕೆರೆಯಲ್ಲಿ ನೀರೆಷ್ಟು. ಖಾನಾವಳಿಯಲ್ಲಿ ಎಲ್ಲರೂ ನಕ್ಕದ್ದನ್ನು ಹೇಳಿದೆ. ಅವಳೂ ನಕ್ಕಳು. ‘ಅದು ನನ್ನs ಹುಚ್ಚು. ನಿಮಗ ಹೇಳಿದ್ರ ಬಿಟ್ಟ ಬಿಡ್ತೀರಿ ಅಂತ ಹೇಳಿರಲಿಲ್ಲ’ ಎಂದಳು. ಕೆಂಡದ ಮೇಲೆ ನಾನಖಟಾಯಿ ಹಿಡಿದೆವು. ಅರ್ಧ ವಾಸನೆ ಬಂತು. ಪೇಡೆಯವರೆಗೂ ಆಯಿತು. ಐದನೆಯದನ್ನು ಅವಳು ಕೇಳಲಿಲ್ಲ. ಚೀಟಿಯನ್ನು ಮಡಿಸಿದಳು.

ನಾನು ಗಂಟನ್ನು ಅವಳ ಮುಂದಿಟ್ಟೆ.

ಅವಳು ಬಿಚ್ಚುವ ಮೊದಲು ಸೀರೆಯ ತುಂಡನ್ನೇ ಬಹಳ ಹೊತ್ತು ಸವರಿದಳು. ಆ ಸೀರೆ ಅವಳಿಗೆ ಗೊತ್ತಿರಬೇಕು. ಒಳಗೆ ಹತ್ತು ಹನ್ನೆರಡು ರೊಟ್ಟಿ, ಎಲೆಯಲ್ಲಿ ಕಟ್ಟಿದ ಚಟ್ನಿಪುಡಿ. ಅವುಗಳ ನಡುವೆ, ಮುರಿಯಬಾರದೆಂದು ಎರಡು ದೊಡ್ಡ ರೊಟ್ಟಿಗಳ ಮಧ್ಯೆ ಜೋಪಾನವಾಗಿಟ್ಟ, ಅಂಗೈಯಗಲದ ಗುಬ್ಬಿರೊಟ್ಟಿಗಳು. ಎರಡು ಇದ್ದವು.

‘ಮಕ್ಕಳು ಎಷ್ಟು ಮಂದಿ ಅಂತ ಹೇಳಿದ್ರಿ?’ ಎಂದಳು.

‘ಒಬ್ಬಳು ಅಂತಲೇ ಹೇಳಿದೆ.’

ಅಷ್ಟರಲ್ಲಿ ರಮಾ ಓಡಿ ಬಂದು ತನ್ನದೆಂದು ಒಂದನ್ನು ಎತ್ತಿಕೊಂಡಳು. ಎರಡು ದಿನದ ರೊಟ್ಟಿ ಕಟುಕಟು ಮುರಿಯಿತು. ಚಟ್ನಿಪುಡಿ ಹಚ್ಚಿಕೊಂಡು ತಿಂದು ಮುಗಿಸಿ, ಇನ್ನೊಂದಕ್ಕೂ ಕೈ ಚಾಚಿದಳು. ಇಂದಿರಾ ಆ ಮಗುವಿಗೆ ಯಾವುದನ್ನೂ ಇಲ್ಲ ಎಂದವಳಲ್ಲ. ತನ್ನ ಬಾಯಿಯ ಹತ್ತಿರ ಹೋದ ತುತ್ತನ್ನೂ ಕೊಟ್ಟುಬಿಡುವವಳು.

ಅವಳು ಎರಡೂ ಅಂಗೈಗಳನ್ನು ಆ ಗುಬ್ಬಿರೊಟ್ಟಿಯ ಮೇಲೆ ಮುಚ್ಚಿ ಹಿಡಿದಳು.

‘ಇಲ್ಲವ್ವಾ’ ಎಂದಳು. ‘ಇದು ನಂದು.’